ರಜೆ ಅರ್ಜಿ, ವಾಲ್ಪರೈಸೊ

ದೋನ್ ವೆನ್ಸೆಸ್ಲಾವೊ ಅವರಿಗೆ,
ಸೋಮವಾರದಿಂದ ಇಪ್ಪತ್ತೆರಡು ದಿನ
ರಜೆ ಬೇಕು.
ವೈದ್ಯರ ಚೀಟಿ ಜೊತೆಗಿದೆ.
ಮೇಲಿನ ಅರ್ಧ ತಮಗೆ.
ಕೆಳಗಿನ ಅರ್ಧ ಮಡಚಿ ಅಂಟು ಹಾಕಿದೆ,
ಅದು ತಮಗಲ್ಲ.

ಇಷ್ಟು ಬರೆಯುವುದಕ್ಕೆ ಮೂರು ಹಾಳೆ ಹರಿದೆ.
ಮೊದಲನೆಯದರಲ್ಲಿ ಎಲ್ಲ ಇತ್ತು,
ಎಂದು ಶುರುವಾಯಿತು, ಯಾವ ಮಗ್ಗುಲು,
ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕುತ್ತ ಏನೆಂದಳು.
ಓದಿ ನೋಡಿದರೆ
ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹೇಳಿಕೆಯ ಹಾಗಿತ್ತು.
ಎರಡನೆಯದರಲ್ಲಿ ಹಲ್ಲುನೋವು ಎಂದು ಬರೆದೆ.
ಇಪ್ಪತ್ತೆರಡು ದಿನದ ಹಲ್ಲುನೋವು!
ನಗು ಬಂತು. ನಕ್ಕರೆ ನೋಯುತ್ತದೆ, ನಿಲ್ಲಿಸಿದೆ.
ಮೂರನೆಯದು ‘ಅನಿವಾರ್ಯ ಕಾರಣಗಳಿಂದ’ ಎಂದು ಹೊರಟು
ಅಲ್ಲೇ ನಿಂತಿತು,
ಕರೆಂಟು ಹೋದಾಗ ಗುಡ್ಡದ ಅರ್ಧಕ್ಕೆ
ನಮ್ಮ ಬಂಡಿ ನಿಲ್ಲುವ ಹಾಗೆ.

ತಾವು ಕೆಟ್ಟವರಲ್ಲ, ಬಲ್ಲೆ.
ಓರ್ತೆನ್ಸಿಯಾ ರಜೆ ಕೇಳಿದಾಗ
ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು,
‘ಏನಮ್ಮಾ, ಏನಾಗಿದೆ’ ಎಂದು ಮೆತ್ತಗೆ ಕೇಳಿದಿರಿ.
ಅವಳು ಹೇಳಿದಳು.
ಸಂಜೆಯೊಳಗೆ ಕೆಳಗಿನ ಬೇಕರಿಯವನು
ಬೇಗ ಗುಣವಾಗಲಿ ಎಂದು
ಎರಡು ಬನ್ನು ಹೆಚ್ಚಿಗೆ ಹಾಕಿಕೊಟ್ಟ.
ಅಂದಿನಿಂದ ಅವಳು ಬ್ರೆಡ್ಡಿಗೆಂದು
ನೂರೆಂಟು ಮೆಟ್ಟಿಲಿಳಿದು ಬೇರೆ ಬೀದಿಗೆ ಹೋಗುತ್ತಾಳೆ.

ಹತ್ತೊಂಬತ್ತು ವರ್ಷ ಈ ಗೇಟಿನಲ್ಲಿ ಕೂತಿದ್ದೇನೆ.
ಎಷ್ಟು ಜನ ಎಕ್ಸ್‌ರೇ ಲಕೋಟೆ ಹಿಡಿದು ಬಂದರು!
ಅಷ್ಟಗಲದ್ದನ್ನು ಬಚ್ಚಿಡುವುದು ಹೇಗೆ?
ಕೆಲವರು ಪತ್ರಿಕೆಯೊಳಗೆ ಸುತ್ತುತ್ತಾರೆ,
ಒಬ್ಬಾತ ಗಾಳಿಪಟ ಎಂದು ಮಗುವಿಗೆ ಹೇಳುತ್ತಿದ್ದ.
ನಾನು ಚಿಲ್ಲರೆ ಎಣಿಸಿದೆ,
ಗೇಟು ತಿರುಗಿಸಿದೆ,
ಗಾಳಿ ಜೋರಿದೆ ಅಲ್ಲವೇ ಎಂದೆ.
ಅವರೂ ಹೌದು, ಜೋರಿದೆ ಎಂದರು.
ಗಾಳಿ ಇಲ್ಲದ ದಿನವೂ.

ನನ್ನ ಜಾಗಕ್ಕೆ ನಿಕಾನೋರ್ ಬರುತ್ತಾನಂತೆ.
ಅವನಿಗೆ ತಿಳಿಸಬೇಕಾದ್ದನ್ನು
ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.
ಮೂರನೆಯ ಕಂಬದ ಹತ್ತಿರ ಉಕ್ಕಿನ ಹಗ್ಗ
ಒಮ್ಮೆ ಕೆಮ್ಮುತ್ತದೆ. ಅದು ಹಳೆಯದು, ಗಾಬರಿ ಬೇಡ.
ಎರಡು ಸಲ ಕೆಮ್ಮಿದರೆ ಮಾತ್ರ ನಿಲ್ಲಿಸು.
ಕಡಲ ಮಂಜು ಇಳಿದ ಬೆಳಿಗ್ಗೆ
ಬ್ರೇಕಿನ ಕೀಲು ಬಿಗಿಯುತ್ತದೆ,
ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಐದು ನಿಮಿಷ ಕಾಯಿ,
ಬೈಯಬೇಡ.
ಎಡ ಬಂಡಿಯ ಬಾಗಿಲ ಚಿಲಕ ಸಡಿಲ.
ಮೇ ತಿಂಗಳಲ್ಲೇ ಬರೆದುಕೊಟ್ಟಿದ್ದೆ,
‘ನೋಡೋಣ’ ಎಂಬ ಷರಾ ಹೊತ್ತು ವಾಪಸಾಯಿತು.
ಒಂದು ಬಂಡಿ ಏರಿದರೆ ಇನ್ನೊಂದು ಇಳಿಯಲೇಬೇಕು,
ಖಾಲಿಯಿದ್ದರೂ.
ಅದು ರೋಗವಲ್ಲ, ಅದರ ರೀತಿ.
ನಾಲ್ಕು ಗಂಟೆಗೆ ಬೂದು ಟೋಪಿಯ ಮುದುಕಿ ಬರುತ್ತಾಳೆ,
ಕೆಳಗಿಳಿದು, ಏನನ್ನೂ ಕೊಳ್ಳದೆ
ಅದೇ ಬಂಡಿಯಲ್ಲಿ ಮೇಲೆ ಬರುತ್ತಾಳೆ.
ಯಾಕೆ ಎಂದು ಕೇಳಬೇಡ.

ದೋನ್ ವೆನ್ಸೆಸ್ಲಾವೊ,
ಜನ ಏನಾದರೂ ಊಹಿಸಿಯೇ ಊಹಿಸುತ್ತಾರೆ.
ಈ ವಯಸ್ಸಿಗೆ ಬಸಿರು ಎಂದರೂ ಸರಿ,
ಲಾಟರಿ ಹೊಡೆದು ಓಡಿಹೋದಳು ಎಂದರೆ ಇನ್ನೂ ಸರಿ.
ತಾವು ಮಾತ್ರ
ಗಾಳಿ ಜೋರಿದೆ ಎನ್ನಿ.

ಸಂಬಳದಲ್ಲಿ ಹಿಡಿಯುವುದನ್ನು ಹಿಡಿಯಿರಿ.
ಕಿಟಕಿ ಪಕ್ಕದ ಗಿಡಕ್ಕೆ ನೀರು ಗುರುವಾರ ಸಾಕು.
ಅಂಟಿಸಿದ ಮಡಿಕೆಯನ್ನು
ದೀಪಕ್ಕೆ ಹಿಡಿದು ನೋಡಬೇಡಿ.
ನಾನು ಹಿಡಿದು ನೋಡಿದೆ,
ಏನೂ ಕಾಣಲಿಲ್ಲ.

ಹೋಗಿ ಬರುತ್ತೇನೆ.

ಎದೆಲ್ಮಿರಾ ಓಯಾರ್ಸುನ್,
ಮೇಲಿನ ನಿಲ್ದಾಣ