ಬೆನ್ನಿನ ಬಾಗಿಲು

ಮೂತಿ ಬರೆಯುವವರು ಮೇಲಿನ ಮಹಡಿಯಲ್ಲಿದ್ದಾರೆ, ತುಂಜಾಯ್.
ದೀಪ, ಜಾಲರಿ, ಲಾಂಛನ ಎಲ್ಲ ಅವರ ಪಾಲು.
ಬುರ್ಸಾದ ಈ ಷೆಡ್ಡಿನಲ್ಲಿ ಇಪ್ಪತ್ತಾರು ವರ್ಷ
ನಾನು ಬರೆದದ್ದು ಬರೀ ಆಂಬುಲೆನ್ಸಿನ ಬೆನ್ನು.
ಹಿಂದುಮುಂದು ನೋಡು ಎನ್ನುತ್ತಾರೆ ಜನ,
ನೋಡುವುದು ಮಾತ್ರ ಮುಂದು.
ಪೆನ್ಸಿಲ್ ಕೆಳಗಿಡು. ಮೊದಲು ಸ್ಟ್ರೆಚರಿನ ಮೇಲೆ ಮಲಗು.

ಹೀಗೇ ಮಲಗಿಸಿದ್ದೆ ರಿಫ್ಕಿ ಉಸ್ತಾದರನ್ನು,
ತೊಂಬತ್ತೆಂಟು ಕಿಲೋ, ಎದೆಯ ಮೇಲೆ ಚಹಾದ ಲೋಟ.
'ಒಂದು ಹನಿ ಚೆಲ್ಲಿದರೂ ಹೊಸ್ತಿಲು ಎತ್ತರ' ಅಂದರು.
ಚೆಲ್ಲಿತು. ನಾಲ್ಕು ಬೆರಳು ಇಳಿಸಿದೆ.
ಮತ್ತೆ ಚೆಲ್ಲಿತು.
ಮೂರನೇ ಸಲ ಚೆಲ್ಲಲಿಲ್ಲ,
ಅಷ್ಟರಲ್ಲಿ ಕುಡಿದುಬಿಟ್ಟಿದ್ದರು.

ಮೇಲಕ್ಕೇಳುವ ಬಾಗಿಲು ಚೆಂದ, ಮಳೆಗೆ ಚಾವಣಿ.
ಆದರೆ ಇನೆಗೊಲ್‌ನ ಆ ಗಿಡ್ಡ ನರ್ಸ್
ಹಿಮದಲ್ಲಿ ತುದಿಗಾಲ ಮೇಲೆ ಹಿಡಿಗಾಗಿ ಎಗರುವುದನ್ನು ಕಂಡೆ,
ಅಂದೇ ಒಂದು ಚರ್ಮದ ಪಟ್ಟಿ ಇಳಿಬಿಟ್ಟೆ.
ಪಕ್ಕಕ್ಕೆ ತೆರೆಯುವ ಜೋಡಿ ಬಾಗಿಲಿಗೆ ಓಣಿ ಸಾಲದು;
ತಿರುಗಣಿ ಪೂರ್ತಿ ಹಿಂದಕ್ಕೆ ಹೊರಳಿ
ಮೈಗೆ ಅಂಟಿ ನಿಲ್ಲಬೇಕು
ಹೆದರಿದ ನಾಯಿಯ ಕಿವಿಯ ಹಾಗೆ.
ಅಳತೆ ಪುಸ್ತಕದಲ್ಲಿದೆ, ತಪ್ಪೇನಿಲ್ಲ.
ಬರೆದವನು ಯಾರನ್ನೂ ಹೊತ್ತಿರಲಿಲ್ಲ, ಅಷ್ಟೆ.

ನಮ್ಮದು ಐದನೇ ಮಹಡಿ. ಹಿಂದಿನ ಮೆಟ್ಟಿಲ ಬಾಗಿಲಿಗೆ
ಕೆಳಗಿನ ಟೈಲರ್ ಬಟ್ಟೆಯ ಥಾನು ಒಟ್ಟಿದ್ದ.
ಕೇಳಿದರೆ, 'ಯಾರು ಬರುತ್ತಾರೆ ಅಲ್ಲಿಂದ?'
ಬರುವ ಮಾತಲ್ಲ ಪುಣ್ಯಾತ್ಮ, ಹೋಗುವ ಮಾತು.
ನೆಲ ನಡುಗಿದ ರಾತ್ರಿ
ಇಡೀ ಕಟ್ಟಡ ಮುಂಬಾಗಿಲಲ್ಲಿ ಸಿಕ್ಕಿಕೊಂಡು
ಒಬ್ಬರ ಉಸಿರು ಇನ್ನೊಬ್ಬರ ಕತ್ತಿಗೆ ಬಿಸಿಬಿಸಿ.
ಏನೂ ಆಗಲಿಲ್ಲ. ಒಂದು ಹೂಕುಂಡ ಒಡೆಯಿತು.
ಬೆಳಗ್ಗೆ ಟೈಲರೇ ಥಾನು ಸರಿಸುತ್ತಿದ್ದ
ನನ್ನ ಮುಖ ನೋಡದೆ.
ಮೂರು ವಾರ.
ಆಮೇಲೆ ಮತ್ತೆ ಅಲ್ಲಿಗೇ ಬಂದವು.

ಅದಕ್ಕೇ ಈ ಒಳಗಿನ ಹಿಡಿ.
ಆರ್ಡರಿನಲ್ಲಿ ಇಲ್ಲ. ಲೆಕ್ಕದ ಫೆರಿದುನ್ ಬೇ
ಎರಡು ಸಲ ಕೆಂಪು ಗೀಟು ಎಳೆದಿದ್ದಾರೆ:
'ಮಲಗಿದವನು ಬಾಗಿಲು ತೆರೆಯುವುದೇಕೆ?'
ಎರಡು ಸಲವೂ ನಾನು ಮತ್ತೆ ಬರೆದೆ.

ಈಗ ನಿನ್ನನ್ನು ಒಳಗೆ ನೂಕುತ್ತೇನೆ,
ಬಾಗಿಲು ಹಾಕಿ ಷೆಡ್ಡಿನ ದೀಪ ಆರಿಸುತ್ತೇನೆ.
ಏಳಬೇಡ. ಮಲಗಿದಲ್ಲಿಂದಲೇ ಕೈ ಚಾಚು.
ಸಿಕ್ಕಿತೇ?

ಇನ್ನೂ ಕೆಳಗೆ ಬೇಕೇ?
ಎಷ್ಟು? ಸೆಂಟಿಮೀಟರು ಬೇಡ,
ಬೆರಳ ಲೆಕ್ಕದಲ್ಲಿ ಹೇಳು.