ನೀವು ಇಲ್ಲದಿದ್ದಾಗ

ಸಿಲೇಸಿಯಾದ ಬಿತೊಮ್ ಊರಿನ ಕೆಳಗೆ
ನೆಲವಿಲ್ಲ, ಬರೀ ತೂತು.
ತಲೆಮಾರುಗಟ್ಟಲೆ ಅಗೆದ ಕಲ್ಲಿದ್ದಲೆಲ್ಲ ಒಲೆ ಸೇರಿತು,
ಗಣಿ ಮುಚ್ಚಿತು.
ಮುಚ್ಚಿದೆಯೆಂದು ನೀರಿಗೆ ಮಾತ್ರ ಯಾರೂ ಹೇಳಲಿಲ್ಲ.
ಅದು ಏರುತ್ತಲೇ ಇದೆ. ಅದಕ್ಕೇ ಪಂಪು, ಅದಕ್ಕೇ ನಾನು:
ಒತಿಲಿಯಾ, ರಾತ್ರಿ ಪಾಳಿ, ಹತ್ತರಿಂದ ಆರು.

ಕೆಲಸವೆಂದರೆ ಕೂರುವುದು.
ಗಂಟೆಗೊಮ್ಮೆ ಎದ್ದು ಮುಳ್ಳು ನೋಡಿ ಪುಸ್ತಕದಲ್ಲಿ ಬರೆಯುವುದು.
ಜೆಫೆಲ್ ಇದ್ದಾಗ ಇಸ್ಪೀಟು;
ಅವನ ಮೊಣಕಾಲು ಕೆಟ್ಟ ಮೇಲೆ ಫೋನಿನಲ್ಲೊಂದು ಆಟ.

ಆಟದಲ್ಲಿ ಒಬ್ಬನಿದ್ದಾನೆ, ಹೆಬ್ಬೆರಳುದ್ದ.
ಮುಖವಿಲ್ಲ, ಲಾಟೀನಿದೆ.
ನೆಲಮಾಳಿಗೆಯ ಕೆಳಗೆ ನೆಲಮಾಳಿಗೆ ತೋಡುತ್ತ ಹೋಗುತ್ತಾನೆ.
ನಾನು ಆಡಲೇಬೇಕೆಂದಿಲ್ಲ. ಫೋನು ಚೀಲದಲ್ಲಿರಲಿ,
ಟ್ರಾಮಿನಲ್ಲಿ ನಾನು ತೂಕಡಿಸಲಿ, ಸಂತೆಯಲ್ಲಿ ಮೂಲಂಗಿ ಕೊಳ್ಳಲಿ,
ಅವನ ಗುದ್ದಲಿ ನಿಲ್ಲುವುದಿಲ್ಲ.
ತೆರೆದ ಕೂಡಲೇ ಲೆಕ್ಕ ಒಪ್ಪಿಸುತ್ತದೆ:

    ನೀವು ಇಲ್ಲದಿದ್ದಾಗ:
    ಮುನ್ನೂರ ಹನ್ನೆರಡು ಗೇಣು. ಎಣ್ಣೆ ಮೂರು ಪಾವು. ಮೂಳೆ ನಾಲ್ಕು.

'ಪಡೆಯಿರಿ' ಎಂದೊಂದು ಗುಂಡಿ. ಒತ್ತುತ್ತೇನೆ.
ಮೂಳೆ ಯಾರದೆಂದು ಕೇಳುವ ಗುಂಡಿಯಿಲ್ಲ.

ಬಾಗಿಲು ಬಂದಾಗಷ್ಟೇ ನಾನು ಬೇಕು.
ಅವನು ನಿಂತು, ಲಾಟೀನೆತ್ತಿ, ಗಾಜಿನಾಚೆಯಿಂದ
ನನ್ನತ್ತ ತಿರುಗುತ್ತಾನೆ.
ಕಲ್ಲಿನ ಬಾಯಿ ಒಗಟು ಹಾಕುತ್ತದೆ:
ಬರಿದಾದಷ್ಟೂ ದೊಡ್ಡದು, ತುಂಬಿದರೆ ಇಲ್ಲವೇ ಇಲ್ಲ. ಏನದು?
ಈ ಊರಿನ ಕೂಸಿಗೂ ಗೊತ್ತು.
ಗುಂಡಿ ಒತ್ತಿ 'ಗುಂಡಿ' ಎಂದೆ.

ಹತ್ತೊಂಬತ್ತನೆಯ ಬಾಗಿಲಿಗೆ ಒಗಟಿಲ್ಲ.
ಒಂದು ಗಂಟೆ, ಒಂದು ಹಗ್ಗ. ಎಷ್ಟು ಬಾರಿಸಲಿ?
ಹನ್ನೆರಡು, ಏಳು, ನನ್ನ ಹುಟ್ಟಿದ ತಾರೀಖು.
ತಪ್ಪಿದಾಗಲೆಲ್ಲ ಬೆಳಕು ಬೆರಳಷ್ಟು ಕುಗ್ಗಿತು.
ಮೂರು ರಾತ್ರಿ ಸೋತೆ.

ಅಪ್ಪ ಆಖಿಮ್ ಗಣಿಬಾವಿಯ ಬಾಯಲ್ಲಿ ಗಂಟೆಯವನು.
ಒಂದಕ್ಕೆ ನಿಲ್ಲು, ಎರಡಕ್ಕೆ ಮೇಲೆ, ಮೂರಕ್ಕೆ ಕೆಳಗೆ.
ಮನೆಯಲ್ಲೂ ಅದೇ ಭಾಷೆ, ಚಮಚದಿಂದ ಮೇಜಿಗೆ:
ಒಂದು, ಸೂಪು ಸಾಕು.
ಎರಡು, ಏಳಿ, ಶಾಲೆಗೆ ಹೊತ್ತಾಯಿತು.
ಮೂರನ್ನು ಮನೆಯಲ್ಲಿ ಎಂದೂ ಬಡಿಯಲಿಲ್ಲ.
ಮೂರು ಬಡಿದು ಅವನು ಇಳಿಸಿದವರಲ್ಲಿ ಆರು ಮಂದಿಗೆ
ಎರಡು ಬಡಿಯುವ ಸರದಿ ಬರಲೇ ಇಲ್ಲ.
ಆಮೇಲೆ ಗೋಡೆಗೆ ಕಿವಿಯಿಟ್ಟು ಮಲಗುತ್ತಿದ್ದ.
ಅಮ್ಮ ಹಾಸಿಗೆಯನ್ನು ಗೋಡೆಯಿಂದ ದೂರ ಎಳೆದಳು.
ಅಪ್ಪ ನೆಲಕ್ಕೆ ಕಿವಿಯಿಟ್ಟ.

ಮೂರು ಬಡಿದೆ.
ಬಾಗಿಲು ತೆರೆಯಿತು, ಎಷ್ಟು ಹಗುರಾಗಿ,
ಯಾರೋ ತಿರುಗಣಿಗೆ ಎಣ್ಣೆ ಬಿಟ್ಟು ಕಾದಿದ್ದ ಹಾಗೆ.
ಅವನು ಇಳಿದ. ಲಾಟೀನು ಸಾಸಿವೆಯಾಯಿತು,
ಚುಕ್ಕೆಯಾಯಿತು, ನನ್ನ ಕಣ್ಣಿನದೇ ದೋಷವಾಯಿತು.
ಆರು ಗಂಟೆ. ಮನೆಗೆ ಹೋಗಿ ಕೊರಡಿನಂತೆ ನಿದ್ದೆಹೋದೆ.

ಮರುರಾತ್ರಿ ತೆರೆದರೆ

    ನೀವು ಇಲ್ಲದಿದ್ದಾಗ:
    ಗೇಣು ಸೊನ್ನೆ. ಎಣ್ಣೆ ಸೊನ್ನೆ. ಜನ ಏಳು.

ಪರದೆ ಪೂರ್ತಿ ಕಪ್ಪು.
ಆ ಕಪ್ಪಿನ ತಳದಿಂದ, ತೀರ ತಗ್ಗಿನಲ್ಲಿ,
ಟಣ್ ಟಣ್.
ಬಿಡುವು.
ಟಣ್ ಟಣ್.

'ಪಡೆಯಿರಿ' ಹುಡುಕಿದೆ, ಇಲ್ಲ. ಹಗ್ಗವೂ ಇಲ್ಲ.
ಇಳಿಸಲು ಇಷ್ಟೆಲ್ಲ ಕೊಟ್ಟ ಆಟದವರು
ಎತ್ತಲು ಏನನ್ನೂ ಇಟ್ಟಿರಲಿಲ್ಲ.
ದನಿ ಅಡಗಿಸಿದೆ. ಫೋನನ್ನು ಡ್ರಾಯರಿಗೆ ತಳ್ಳಿ
ಮೇಲೊಂದು ಕಂಬಳಿ ಹೊದಿಸಿದೆ, ಏಕೋ ಗೊತ್ತಿಲ್ಲ.
ಪಂಪು ಗೊರಗುಟ್ಟುತ್ತಿತ್ತು,
ಯಾರು ನೋಡಲಿ ಬಿಡಲಿ.

ಮೂರು ಗಂಟೆಗೆ ಮುಳ್ಳು ನೋಡಲು ಹೋದೆ.
ದಪ್ಪ ಕೊಳವೆ ಬೆವರಿತ್ತು.
ಜೇಬಿನಲ್ಲಿ ಮೊಸರಿನ ಚಮಚವಿತ್ತು.
ಅದರಿಂದ ಒಂದೇ ಒಂದು ಸಲ ಬಡಿದೆ.
ನಿಲ್ಲಿ.
ಕಾದೆ.

ಪುಸ್ತಕದಲ್ಲಿ ಬರೆದಿದ್ದೇನೆ, ಬೇಕಾದರೆ ನೋಡಿ:
ನೀರು ಎಂಬತ್ತೊಂದು ಮೀಟರು ಕೆಳಗೆ. ವಿಶೇಷವೇನಿಲ್ಲ.
ಶಾಯಿ ಒಣಗುವ ತನಕ ಹಾಗೇ ಕೂತಿದ್ದೆ,
ಕಿವಿ ಮೇಜಿನ ಮೇಲೆ.