ಒಂದು ಗೇಣು ಮೇಲೆ

ಮೊದಲ ಚಿತ್ರ ನಾನೇ ತೆಗೆದದ್ದು.
ತೊಡೆಯ ನಟ್ಟನಡುವೆ ಮೂಳೆ
ಕಬ್ಬಿನ ಜಲ್ಲೆಯ ಹಾಗೆ ಓರೆಗೆ ಮುರಿದು
ತುಂಡಿನ ಮೇಲೆ ತುಂಡು ಏರಿ ಕೂತಿತ್ತು.
ಬಾಂಬೋಳಿಯ ಗುಡ್ಡದ ಆಸ್ಪತ್ರೆ, ಬೆಳಗಿನ ಜಾವ ಮೂರೂಕಾಲು.
ಕೊನೆಯ ಬಸ್ಸು ತಪ್ಪಿ, ಮಾಪ್ಸಾದಲ್ಲಿ
ಮೀನಿನ ಟೆಂಪೊ ಹತ್ತಿದ್ದ ಬಡಗಿ ಗುರುದಾಸ ಚಾರಿ
ಡ್ಯಾಶ್‌ಬೋರ್ಡಿಗೆ ಮಂಡಿ ಬಡಿಸಿಕೊಂಡು ಬಂದು
ಕೊಂಕಣಿಯಲ್ಲಿ ತಾಯಿಯನ್ನು ಕರೆಯುತ್ತಿದ್ದ.
ಹಾನಗಲ್ಲಿನ ನನ್ನ ಕಿವಿಗೂ ಅದೊಂದು ಮಾತು ತಿಳಿಯುತ್ತದೆ.

ಇಷ್ಟು ಎದ್ದು ಕಾಣುವ ಮುರಿತ ಸಿಕ್ಕಮೇಲೆ
ಇನ್ನೇನು ಹುಡುಕುವುದು?

ಇಂಟರ್ನ್ ಹುಡುಗಿ ಅನ್ಸೆಲ್ಮಾ,
ಕೈಯಲ್ಲಿ ಕೆನೆಗಟ್ಟಿದ ಚಹಾ,
"ಸೊಂಟದ್ದು ಎಲ್ಲಿ?" ಅಂದಳು.
ಬರೆದಿಲ್ಲವಲ್ಲ, ಅಂದೆ. ಚೀಟಿ ತೋರಿಸಿದೆ.
ಚೀಟಿಯಲ್ಲಿ ನನ್ನ ತಪ್ಪಿರಲಿಲ್ಲ.
ಅವಳು ಚೀಟಿ ಇಸಿದುಕೊಂಡು
ಗೋಡೆಗೆ ಒತ್ತಿ ಇನ್ನೊಂದು ಸಾಲು ಬರೆದಳು.

ಒಂದು ಗೇಣು ಮೇಲೆ ಸರಿಸಿದೆ.

ಬಟ್ಟಲು ಬರಿದು.
ಬಟ್ಟಲಲ್ಲಿ ಇರಬೇಕಾದ ಗುಂಡು
ಹಿಂದೆ, ತುಸು ಮೇಲೆ, ಪರರ ಜಗಲಿಯ ಮೇಲೆಂಬಂತೆ
ಉಸಿರಿಲ್ಲದೆ ಕೂತಿತ್ತು.
ಬರೀ ಸೊಂಟ ತಪ್ಪಿದ್ದರೆ ಕಾಲೇ ಹೇಳುತ್ತಿತ್ತು,
ಮಂಡಿ ಮಡಚಿ, ನಾಚಿದವರಂತೆ ಒಳಕ್ಕೆ ತಿರುಗಿ.
ತೊಡೆ ಮುರಿದ ಕಾಲಿಗೆ ಹೇಳಲು ಬಾಯಿಲ್ಲ.
ಕೂಗುವ ನೋವು ಕೂಗದ ನೋವಿನ ಮೇಲೆ
ಕಂಬಳಿ ಎಳೆದಿತ್ತು.

"ಆರು ತಾಸು" ಅಂದರು ಡಾಕ್ಟರ್ ಪ್ರಿಯೋಳ್ಕರ್, ಮೊಣಕೈವರೆಗೂ ತೊಳೆಯುತ್ತ.
ಗುಂಡಿಗೆ ನೆತ್ತರು ಒಯ್ಯುವ ನಾಳ ನೂಲಿನಷ್ಟು.
ತಿರುಚಿಕೊಂಡೇ ಎಷ್ಟು ಹೊತ್ತು ಹರಿದೀತು?
ಆಗಲೇ ನಾಲ್ಕು ಕಳೆದಿತ್ತು.
ಅದರಲ್ಲಿ ಅರ್ಧ ತಾಸು ನನ್ನದು.

ಇಡೀ ಕಾಲಿದ್ದರೆ ಕಾಲನ್ನೇ ಹಿಡಿದು ಎಳೆಯಬಹುದು.
ಇಲ್ಲಿ ಎಳೆದರೆ ಕೆಳಗಿನ ಅರ್ಧ ಬರುತ್ತದೆ,
ಮೇಲಿನದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ,
ಕಾವು ಮುರಿದ ಸಲಿಕೆಯಲ್ಲಿ ಮಣ್ಣೆತ್ತಿದ ಹಾಗೆ.
ಅದಕ್ಕೇ ಮೇಲಿನ ತುಂಡಿಗೊಂದು ಹೊಸ ಕಾವು:
ಬೆರಳಗಲದ ಸೀಳು, ಡ್ರಿಲ್ಲಿನ ಗುಂಯ್,
ಉಕ್ಕಿನ ತಿರುಪುಮೊಳೆ, ಅದರ ತಲೆಗೆ ಅಡ್ಡಹಿಡಿ.
ಸೀಸದ ಅಂಗಿಯೊಳಗೆ ಬೆವರುತ್ತ ನಾನು
ಸಿ-ಆರ್ಮಿನ ಕತ್ತು ಬಾಗಿಸಿದೆ.
"ಶೂಟ್" ಅಂದಾಗ ಪೆಡಲು ಒತ್ತುವುದು, ಅಷ್ಟೇ ನನ್ನ ಕೆಲಸ.

ಒಬ್ಬ ಸೊಂಟವನ್ನು ಮೇಜಿಗೆ ಅದುಮಿ ಹಿಡಿದ.
ಅವರು ಎಳೆದರು. ಬರಲಿಲ್ಲ.
ಶೂಟ್. ಅಂಚಿನಲ್ಲೇ ಇದೆ.
ಎಳೆದು, ಎತ್ತಿ, ತುಸು ತಿರುಗಿಸಿದರು.
ಕನ್ನಡಕ ಮಂಜಾಯಿತು, ಒರೆಸಲು ಯಾರ ಕೈಯೂ ಬಿಡುವಿರಲಿಲ್ಲ.
ಆಮೇಲೆ
ಟಕ್ —
ಕಿವಿಗೆ ಕೇಳಿದ್ದಲ್ಲ,
ನೆಲ ನನ್ನ ಪಾದಕ್ಕೆ ಹೇಳಿದ್ದು.

ಇನ್ನು ತೊಡೆ. ಮಂಡಿಯಿಂದ ಮೇಲಕ್ಕೆ
ಮೂಳೆಯ ಒಳಗೆಲ್ಲ ಉದ್ದನೆಯ ಸರಳು,
ಸುತ್ತಿಗೆಯ ಪೆಟ್ಟಿಗೆ ಪೆಟ್ಟು.
ಬಡಗಿಯ ಒಳಗೇ ನಡೆದಿತ್ತು ಬಡಗಿತನ,
ಅವನೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ.

ಮಧ್ಯಾಹ್ನ "ಹೆಬ್ಬೆರಳು ಎತ್ತು" ಅಂದರು. ಎತ್ತಿದ.
ಅನ್ಸೆಲ್ಮಾ ಆಗ ಹೋಗಿ ಮಲಗಿದಳು.

ಮೂರನೇ ತಿಂಗಳು ಕಂಕುಳುಗೋಲಿನ ಮೇಲೆ ಬಂದ.
ತೆರೆಯ ಮೇಲಿನ ತನ್ನ ಕೀಲನ್ನು
ಒಂದು ಕಣ್ಣು ಮುಚ್ಚಿ, ಗುಂಟ ಹಿಡಿದು ನೋಡಿದ.
"ಬಾಗಿಲು ಚೌಕಟ್ಟಿಗೆ ಕೂತಿದೆ.
ಆದರೆ ಮರ ಒಳಗೊಳಗೇ ಒಣಗುತ್ತದೋ ಏನೋ,
ಎರಡು ಮಳೆಗಾಲ ಕಾಯಬೇಕು, ಅಲ್ಲವಾ ಬಾಯಿ?"
ಡಾಕ್ಟರೂ ಎರಡು ವರ್ಷ ಅಂದಿದ್ದರು.

ಆ ಅರ್ಧ ತಾಸಿನ ಸಂಗತಿ ಅವನಿಗೆ ಹೇಳಿಲ್ಲ.
ಈ ಸಲ ಹೇಳಿಬಿಡೋಣವೆಂದು ಬಾಯಿ ತೆರೆದಾಗ
ಮೇಜಿನ ಮೇಲಿನಿಂದ ಅವನೇ ಕೇಳಿದ:
"ಉಸಿರು ಹಿಡಿಯಬೇಕಾ?"
ಬೇಡ, ಎಲುಬಿಗೆ ಬೇಡ, ಅಂದೆ.
ಹಿಡಿದದ್ದು ನಾನು.